ಅಜ್ಜಿಯ ತಪ್ಪಲೆ ಆಂಟೆಪ್‌ಗೆ ಹೋಗಿ ಬಂತು

ತಿಪಟೂರಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಸಣ್ಣ ಹಿತ್ತಾಳೆ ತಪ್ಪಲೆ ಇತ್ತು. ಅಜ್ಜಿಗೆ ಮದುವೆಯಲ್ಲಿ ತವರಿನಿಂದ ಬಂದದ್ದು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ ಅವಳ ಊರಿನ ಮೊದಲ ಅಕ್ಷರ. ಒಳಗಿನ ಕಲಾಯಿ, ಅಂದರೆ ತವರ ಲೋಹದ ತೆಳು ಲೇಪ, ಪೂರ್ತಿ ಹೋಗಿತ್ತು. ಕಲಾಯಿ ಇಲ್ಲದ ಪಾತ್ರೆಗೆ ಹುಣಸೆಹುಳಿ ಬೀಳುವ ಹಾಗಿಲ್ಲ, ಕಿಲುಬು ಬಿಡುತ್ತದೆ. ಹಾಗಾಗಿ ಮೂವತ್ತು ವರ್ಷದಿಂದ ಅದು ಅಟ್ಟ ಇಳಿದಿರಲಿಲ್ಲ. 2024ರ ಮೇ ತಿಂಗಳಲ್ಲಿ ಅದಕ್ಕೆ ಟರ್ಕಿಯಲ್ಲಿ ಕಲಾಯಿ ಹಾಕಿಸಿಕೊಂಡು ಬಂದೆ.

ಶುರುವಾದದ್ದು 2018ರಲ್ಲಿ. ನಾನು ಬೆಂಗಳೂರಿನಲ್ಲಿ ಕಾರ್ಪೆಟ್ ತರಿಸುವ ಒಂದು ಕಂಪನಿಯಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಮೆಷಿನ್‌ನಲ್ಲಿ ನೇಯುವ ಕಾರ್ಪೆಟ್‌ಗೆ ಟರ್ಕಿಯ ಗಾಜಿಯಾಂಟೆಪ್ ದೊಡ್ಡ ಊರು. ಅಲ್ಲಿನ ಜನ ಸುಮ್ನೆ ಆಂಟೆಪ್ ಅಂತಾರೆ. ‘ಗಾಜಿ’ ಅನ್ನೋದು 1921ರಲ್ಲಿ ಸೇರಿಕೊಂಡ ಬಿರುದು. ಫ್ರೆಂಚ್ ಸೈನ್ಯದ ಮುತ್ತಿಗೆಗೆ ಊರು ತಿಂಗಳುಗಟ್ಟಲೆ ಎದುರು ನಿಂತಿತ್ತಲ್ಲ, ಅದಕ್ಕೆ ಅಂಕಾರಾದ ಸಂಸತ್ತು ಕೊಟ್ಟದ್ದು. ಫ್ಯಾಕ್ಟರಿ ಕೆಲಸ ಮುಗಿದ ಮೇಲೆ ಅರ್ಧ ದಿನ ಸಿಕ್ಕಿತು. ಹೋಟೆಲಿನವರು ಕೋಟೆ ಕಡೆ ಕೈ ತೋರಿಸಿದರು.

ಕೋಟೆ ತಲುಪುವ ಮೊದಲೇ ಕಿವಿಗೆ ಸದ್ದು ಬಿತ್ತು. ಟಣ್ ಟಣ್ ಅಂತ ಒಂದೇ ಸಮನೆ, ಆದರೆ ಒಂದೇ ಸುತ್ತಿಗೆಯದ್ದಲ್ಲ. ಹತ್ತಾರು ಸುತ್ತಿಗೆಗಳು, ಒಂದೊಂದಕ್ಕೂ ಬೇರೆ ಬೇರೆ ದನಿ. ಕಂಚುಗಾರರ ಬೀದಿ ಅಂತ ಗೊತ್ತಾಗಲು ಬೋರ್ಡ್ ಓದಬೇಕಾಗಿರಲಿಲ್ಲ. ಅವರ ಭಾಷೆಯಲ್ಲಿ ಬಾಕಿರ್ಜಿಲರ್ ಚಾರ್ಶಿಸಿ, ಅಂದರೆ ತಾಮ್ರದವರ ಪೇಟೆ. ಸಣ್ಣ ಸಣ್ಣ ಅಂಗಡಿ, ಕಲ್ಲಿನ ಗೋಡೆ, ಮರದ ಬಾಗಿಲು. ಬಾಗಿಲಲ್ಲೇ ಮೋಟು ಕುರ್ಚಿ ಹಾಕಿಕೊಂಡು ಕುಟ್ಟುತ್ತಾ ಕೂತ ಗಂಡಸರು. ಕೆಲವರು ತಟ್ಟೆಯ ಮೇಲೆ ಹೂಬಳ್ಳಿ ಕೊರೆಯುತ್ತಿದ್ದರು. ಕೊರೆಯುವ ಆ ಉಕ್ಕಿನ ಕಡ್ಡಿಗೆ ‘ಕಲೆಮ್’ ಅಂತಾರೆ. ಅದೇ ನಮ್ಮ ಕಲಮು.

ಒಂದು ಓಣಿಯ ಕೊನೆಯಲ್ಲಿ ಮೂಗಿಗೆ ಖಾರವಾದ ಬಿಳಿ ಹೊಗೆ ಬಂತು. ನಾನು ನಿಂತೇ ಬಿಟ್ಟೆ. ಆ ವಾಸನೆ ನನಗೆ ಗೊತ್ತು! ನನಗೆ ಆರೇಳು ವರ್ಷ ಇರುವಾಗ ವರ್ಷಕ್ಕೊಮ್ಮೆ ನಮ್ಮ ಬೀದಿಗೆ ‘ಕಲಾಯ್... ಕಲಾಯ್...’ ಅಂತ ಕೂಗಿಕೊಂಡು ಒಬ್ಬರು ಬರುತ್ತಿದ್ದರು. ಬೇವಿನ ಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ಹಾಕಿ, ಚರ್ಮದ ತಿದಿ ಒತ್ತುತ್ತಿದ್ದರು. ಅಜ್ಜಿ ಪಾತ್ರೆ ಎಣಿಸಿ ಕೊಟ್ಟು, ಎಣಿಸಿ ಇಸಿದುಕೊಳ್ಳುತ್ತಿದ್ದಳು. ಆಮೇಲೆ ಸ್ಟೀಲ್ ಬಂತು. ಅವರು ಬರುವುದು ಯಾವಾಗ ನಿಂತಿತೋ ನಾವು ಯಾರೂ ಗಮನಿಸಲಿಲ್ಲ.

ಆ ಅಂಗಡಿಯ ಉಸ್ತಾ ನಮ್ಮಪ್ಪನ ವಯಸ್ಸಿನವರು. ಉಸ್ತಾ ಅಂದರೆ ನಮ್ಮ ಉಸ್ತಾದ್, ಕೆಲಸ ಬಲ್ಲವರು. ನಾನು ಅವರ ಮುಂದಿದ್ದ ಪಾತ್ರೆ ತೋರಿಸಿ ‘ಕಲಾಯಿ?’ ಅಂದೆ. ಅವರು ತಲೆ ಎತ್ತಿ ‘ಕಲಾಯ್!’ ಅಂದರು. ಅವರಿಗೆ ಕನ್ನಡ ಬಾರದು, ನನಗೆ ಟರ್ಕಿಶ್ ಬಾರದು. ಪದ ಮಾತ್ರ ಇಬ್ಬರದೂ ಒಂದೇ. ತವರಕ್ಕೆ ಅವರು ಕಲಾಯ್ ಅಂತಾರೆ, ಹಾಕುವವರಿಗೆ ಕಲಾಯ್ಜಿ. ಆಮೇಲೆ ಫೋನಿನ ಅನುವಾದ ಹಿಡಿದುಕೊಂಡು ಎರಡು ಗಂಟೆ ಮಾತಾಡಿದೆವು. ನಮ್ಮಲ್ಲಿ ಯಾರಾದರೂ ಚೆನ್ನಾಗಿ ಬೈದರೆ ಮಂಗಳಾರತಿ ಎತ್ತಿದರು ಅಂತೀವಲ್ವಾ, ಅದಕ್ಕೆ ಅವರು ಕಲಾಯಿ ಹಾಕಿದರು ಅಂತಾರಂತೆ. ಚಿಕ್ಕವರಿದ್ದಾಗ ಅವರ ಕೆಲಸ ದೊಡ್ಡ ಪಾತ್ರೆಯೊಳಗೆ ಇಳಿದು, ಮರಳಿನ ಮೇಲೆ ಪಾದ ಊರಿ, ಸೊಂಟ ತಿರುಗಿಸುತ್ತಾ ಉಜ್ಜುವುದು. ಅದನ್ನು ಅವರು ಎದ್ದು ನಿಂತು ಮಾಡಿ ತೋರಿಸಿದರು. ಬೇವಿನ ಮರದ ಕೆಳಗೆ ನಾನು ನೋಡಿದ್ದೂ ಅದೇ ಕುಣಿತ.

ಆ ಎರಡು ಗಂಟೆಯಲ್ಲಿ ನನ್ನ ಕಣ್ಣು ಗಿರಾಕಿಗಳ ಮೇಲೇ ಇತ್ತು. ಕ್ಯಾಮೆರಾ ಹಿಡಿದವರು ಬೀದಿಯ ಬಾಯಲ್ಲೇ ಕಾಫಿ ಬಟ್ಟಲು ಕೊಂಡು ವಾಪಸ್ ಹೋಗುತ್ತಿದ್ದರು. ಕೊನೆಯ ಈ ಅಂಗಡಿಗೆ ಬಂದವರೆಲ್ಲ ಊರಿನವರು. ಒಬ್ಬ ಹೆಂಗಸು ಚೀಲದಲ್ಲಿ ಮೂರು ತಪ್ಪಲೆ ತಂದರು. ಒಬ್ಬ ಹೋಟೆಲ್ ಹುಡುಗ ಅಗಲವಾದ ತಾಮ್ರದ ಬಟ್ಟಲುಗಳ ಗೋಪುರವನ್ನೇ ಇಳಿಸಿದ. ಅವು ಬೆಯ್ರಾನ್ ಬಟ್ಟಲು. ಬೆಯ್ರಾನ್ ಅಂದರೆ ಕುರಿ ಮಾಂಸ, ಅನ್ನ, ಬೆಳ್ಳುಳ್ಳಿ, ಖಾರ ಹಾಕಿದ ಸಾರು. ಬೆಳಗಿನ ತಿಂಡಿಗೇ ತಿನ್ನುತ್ತಾರೆ. ಬಟ್ಟಲನ್ನು ಹಾಗೇ ಭರ್ಜರಿ ಉರಿಯ ಮೇಲಿಟ್ಟು ಕುದಿಸಿ ಮುಂದಿಡುತ್ತಾರೆ. ಮಜ್ಜಿಗೆಯನ್ನೂ ಅಲ್ಲಿ ತಾಮ್ರದ ಬಟ್ಟಲಲ್ಲೇ ಕೊಡುತ್ತಾರೆ, ಜೊತೆಗೊಂದು ಸಣ್ಣ ಸೌಟು. ಮಜ್ಜಿಗೆ ಹುಳಿ. ಹುಳಿಗೆ ಕಲಾಯಿ ಬೇಕೇ ಬೇಕು. ಅಡುಗೆಗಾಗಿ ಯುನೆಸ್ಕೋ 2015ರಲ್ಲಿ ಈ ಊರನ್ನು ಗುರುತಿಸಿದೆ, ಎಲ್ಲರಿಗೂ ಅದರ ಹೆಮ್ಮೆ. ನನಗೆ ಕಂಡದ್ದು ಇನ್ನೊಂದು. ಆ ಅಡುಗೆಯೇ ಈ ಬೀದಿಗೆ ಅನ್ನ ಹಾಕುತ್ತಿದೆ. ಬೆಯ್ರಾನ್ ಬಟ್ಟಲು ಸ್ಟೀಲಿಗೆ ಬದಲಾದ ದಿನ ಕೊನೆಯ ಅಂಗಡಿ ಮುಚ್ಚುತ್ತದೆ. ಬೀದಿಯ ಬಾಯಲ್ಲಿರುವ ಕಾಫಿ ಬಟ್ಟಲಿನ ಅಂಗಡಿಗಳು ಮಾತ್ರ ಉಳಿಯುತ್ತವೆ.

ಹೀಗೆ ಗಳಿಕೆಯೂ ಕಟ್ಟಡವೂ ಒಂದಕ್ಕೊಂದು ಹೆಣೆದುಕೊಂಡಿರುವುದು ಆಂಟೆಪ್‌ನಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಅಲ್ಲೇ ಹತ್ತಿರದಲ್ಲಿ ತಹ್ಮಿಸ್ ಅನ್ನುವ ಕಾಫಿ ಅಂಗಡಿ ಇದೆ. 1630ರ ದಶಕದ್ದು. ಮೆವ್ಲೆವಿ ಸೂಫಿಗಳ ಮಠಕ್ಕೆ ವರಮಾನ ಬರಲಿ ಅಂತ ಕಟ್ಟಿಸಿದ್ದಂತೆ, ನಮ್ಮಲ್ಲಿ ದೇವಸ್ಥಾನಕ್ಕೆ ದತ್ತಿ ಬಿಟ್ಟ ಹಾಗೆ. ಅಲ್ಲಿ ಮೆನೆಂಗಿಚ್ ಕುಡಿದೆ. ಹೆಸರಿಗೆ ಕಾಫಿ, ಆದರೆ ಅದರಲ್ಲಿ ಕಾಫಿ ಬೀಜವೇ ಇಲ್ಲ. ಕಾಡು ಪಿಸ್ತಾದ ಕಾಯಿ ಹುರಿದು ಅರೆದದ್ದು. ಹಾಲಿನ ಜೊತೆ ತುಂಬಾ ಚೆನ್ನಾಗಿರುತ್ತದೆ. ಗುಮ್ರುಕ್ ಹಾನ್ ಅನ್ನುವ ಹಳೆಯ ಛತ್ರವನ್ನು ರಿಪೇರಿ ಮಾಡಿ ಕಸುಬುದಾರರಿಗೆ ಕೊಟ್ಟಿದ್ದಾರೆ. ಅಂಗಳದ ಸುತ್ತ ಕೋಣೆಗಳು. ಕಪ್ಪೆಚಿಪ್ಪಿನ ಹೊಳಪನ್ನು ಮರದಲ್ಲಿ ಕೂರಿಸುವವರು, ಹೊಲಿದ ಚರ್ಮದ ‘ಯೆಮೆನಿ’ ಮೆಟ್ಟು ಮಾಡುವವರು ಅಲ್ಲಿದ್ದಾರೆ. ಕಟ್ಟಡ ಚೆಂದವಾಗಿದೆ, ನಿಜ. ಆದರೆ ಅಲ್ಲಿ ಜನ ನೋಡಲು ಬರುತ್ತಾರೆ. ಕೊನೆಯ ಓಣಿಯ ಹಾಗೆ ಒಡೆದದ್ದನ್ನು, ಸವೆದದ್ದನ್ನು ಹೊತ್ತುಕೊಂಡು ಬರುವುದಿಲ್ಲ. ನನ್ನ ಮನಸ್ಸು ಆ ಓಣಿಯಲ್ಲೇ ಉಳಿಯಿತು.

ಇನ್ನೊಂದು ಕಟ್ಟಡದ ಬಗ್ಗೆ ಹೇಳಲೇಬೇಕು. ಕುರ್ತುಲುಶ್ ಮಸೀದಿ. ಕಪ್ಪು ಬಿಳಿ ಕಲ್ಲಿನ ಪಟ್ಟೆಗಳ ದೊಡ್ಡ ಕಟ್ಟಡ. 1892ರಲ್ಲಿ ಇದನ್ನು ಕಟ್ಟಿದವರು ಅರ್ಮೇನಿಯನ್ನರು, ಮೇರಿ ಮಾತೆಯ ಚರ್ಚ್ ಆಗಿ. ಆ ಕಾಲದಲ್ಲಿ ಊರಿನಲ್ಲಿ ಅವರು ಸಾವಿರಾರು ಜನ ಇದ್ದರು, ಇಲ್ಲಿನ ಕಸುಬುಗಳಲ್ಲಿ ಅವರ ಕೈ ದೊಡ್ಡದು. 1915ರಲ್ಲಿ ಅವರನ್ನು ಊರು ಬಿಡಿಸಿ ಸಿರಿಯಾದ ಮರುಭೂಮಿಯ ಕಡೆ ಅಟ್ಟಿದರು. ಅನೇಕರು ಬದುಕಲಿಲ್ಲ. ಚರ್ಚ್ ಮುಂದೆ ಜೈಲಾಯಿತು, ಆಮೇಲೆ ಮಸೀದಿಯಾಯಿತು. ಹಳೆಯ ಊರಿನ ಕಲ್ಲಿನ ಮನೆಗಳನ್ನು ಹೊಗಳುವಾಗ ಇದನ್ನು ಬಿಟ್ಟು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಆಂಟೆಪ್ ಮನೆಗಳಲ್ಲಿ ನಡುವಿನ ಅಂಗಳಕ್ಕೆ ‘ಹಯಾತ್’ ಅಂತಾರೆ. ಹಯಾತ್ ಅಂದರೆ ಬದುಕು. ಈಗ ಹೋಟೆಲ್ ಆಗಿರುವ ಅಂಥದ್ದೊಂದು ಮನೆಯ ಹಯಾತಿನಲ್ಲಿ ಕೂತಾಗ, ಇಲ್ಲಿ ಬದುಕಿದವರು ಯಾರು ಅಂತ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

2023ರ ಫೆಬ್ರವರಿ 6ರ ಬೆಳಗಿನ ಜಾವ 4 ಗಂಟೆ 17 ನಿಮಿಷಕ್ಕೆ ಭೂಮಿ ನಡುಗಿತು. 7.8ರ ಕಂಪನ. ಟರ್ಕಿಯಲ್ಲೇ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಟೀವಿಯಲ್ಲಿ ಮೊದಲು ಕಂಡದ್ದು ಆಂಟೆಪ್ ಕೋಟೆ. ಬುರುಜಿನ ಕಲ್ಲುಗಳು ಗುಡ್ಡದಿಂದ ಉರುಳಿ ರಸ್ತೆಯಲ್ಲಿ ಬಿದ್ದಿದ್ದವು. ನನ್ನ ಹತ್ತಿರ ಉಸ್ತಾ ಅವರ ಫೋನ್ ನಂಬರ್ ಇರಲಿಲ್ಲ. ಒಂದು ಫೋಟೋ ಮಾತ್ರ ಇತ್ತು. ಆ ವಾರವೆಲ್ಲ ಅದನ್ನು ತೆಗೆದು ತೆಗೆದು ನೋಡಿದೆ.

ಮರುವರ್ಷ ಕಂಪನಿ ಮತ್ತೆ ಕಳಿಸಿದಾಗ ಅಟ್ಟ ಹತ್ತಿ ತಪ್ಪಲೆ ಇಳಿಸಿದೆ. ಅಮ್ಮ ಅದನ್ನು ಹಳೆ ಟವೆಲ್ಲಿನಲ್ಲಿ ಸುತ್ತಿ ಕೊಟ್ಟಳು. ಆಂಟೆಪ್‌ನಲ್ಲಿ ಕೋಟೆಯ ಸುತ್ತ ಬೇಲಿ ಹಾಕಿದ್ದರು, ಹತ್ತಲು ಬಿಡಲಿಲ್ಲ. ಕುರ್ತುಲುಶ್ ಮಸೀದಿಗೂ ತುಂಬಾ ಪೆಟ್ಟು ಬಿದ್ದಿತ್ತು. ನಾನು ಓಣಿಯ ಕಡೆ ಬೇಗ ಬೇಗ ನಡೆದೆ. ಮೊದಲು ಸುತ್ತಿಗೆ ಸದ್ದು ಬಂತು. ಆಮೇಲೆ ಹೊಗೆ. ಉಸ್ತಾ ಅದೇ ಮೋಟು ಕುರ್ಚಿಯಲ್ಲಿದ್ದರು. ನನ್ನ ಗುರುತು ಸಿಗಲಿಲ್ಲ. ಫೋಟೋ ತೋರಿಸಿದ ಮೇಲೆ ಎದ್ದು ತಬ್ಬಿಕೊಂಡರು. ಜೊತೆಗೆ ಕೆಲಸ ಕಲಿಯುವ ಹುಡುಗ ಹೊಸಬ. ಗಡಿಯಾಚೆಯ ಅಲೆಪ್ಪೊದವನು, ಯುದ್ಧದಲ್ಲಿ ಮನೆ ಬಿಟ್ಟು ಬಂದವನು.

ತಪ್ಪಲೆಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಬೆರಳಿನಿಂದ ಬಾರಿಸಿ ‘ಪಿರಿಂಚ್’ ಅಂದರು. ಹಿತ್ತಾಳೆಗೂ ಅಕ್ಕಿಗೂ ಅವರಲ್ಲಿ ಅದೇ ಪದ. ಇದರಲ್ಲಿ ಪಿರಿಂಚೇ ಬೇಯಿಸುತ್ತಿದ್ದದ್ದು ಅಂದೆ. ಹುಡುಗ ಜೋರಾಗಿ ನಕ್ಕ. ಚುಕ್ಕಿಯ ಅಕ್ಷರಗಳ ಮೇಲೆ ಉಸ್ತಾ ಹೆಬ್ಬೆರಳು ಆಡಿಸಿದರು, ಇದೇನು ಅಂತ ಕೇಳಲಿಲ್ಲ. ಗೋಡೆಯಲ್ಲಿ ನೇತುಹಾಕಿದ್ದ ಹಳೆಯ ತಾಮ್ರದ ಪಾತ್ರೆ ಇಳಿಸಿ, ಅದರ ಕಂಠದಲ್ಲಿದ್ದ ಅರಬ್ಬಿ ಲಿಪಿಯ ಹೆಸರು ತೋರಿಸಿದರು. ಒಡತಿಯ ಹೆಸರು. ಕಲಾಯಿಗೆ ಕೊಟ್ಟಾಗ ಅದಲುಬದಲಾಗದಿರಲಿ ಅಂತ ಹೊಡೆಸುತ್ತಿದ್ದರಂತೆ.

ಆಮೇಲೆ ಒಂದು ತವರದ ಕಡ್ಡಿ ತೆಗೆದು ನನ್ನ ಕಿವಿಯ ಹತ್ತಿರ ತಂದು ಬಗ್ಗಿಸಿದರು. ಚರ್ ಚರ್ ಅಂತ ಸಣ್ಣಗೆ ಕೀರಲು ದನಿ ಬಂತು. ಅಪ್ಪಟ ತವರ ಬಗ್ಗಿಸಿದರೆ ಹೀಗೆ ಕೂಗುತ್ತದೆ. ಅಗ್ಗಕ್ಕೆ ಮಾಡುವವರು ಸೀಸ ಬೆರೆಸುತ್ತಾರೆ, ಅದು ವಿಷ. ಹುಡುಗ ಪಾತ್ರೆಯನ್ನು ಉಜ್ಜಿ ತೊಳೆದು ತಂದ. ಉಸ್ತಾ ಅದನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ತಿರುಗಿಸಿದರು. ಕಾದ ಮೇಲೆ ಒಂದು ಚಿಟಿಕೆ ನವಸಾಗರ ಅನ್ನುವ ಉಪ್ಪು. ಬುಸ್ ಅಂತ ಬಿಳಿ ಹೊಗೆ ಎದ್ದಿತು. ತವರದ ಕಡ್ಡಿಯನ್ನು ತಳಕ್ಕೆ ಮುಟ್ಟಿಸಿದರು, ತುದಿ ಬೆಣ್ಣೆಯ ಹಾಗೆ ಕರಗಿತು. ಹತ್ತಿ ಉಂಡೆಯಿಂದ ಅದನ್ನು ಸರ್ರನೆ ಒಂದು ಸುತ್ತು ಒರೆಸಿದರು. ಹಳದಿ ತಳ ಕಣ್ಣ ಮುಂದೆಯೇ ಬೆಳ್ಳಗಾಯಿತು. ಇನ್ನೊಂದು ಸುತ್ತು, ಕಂಠದವರೆಗೆ. ಆಮೇಲೆ ನೀರಿಗೆ ಅದ್ದಿದರು. ಐದು ನಿಮಿಷವೂ ಆಗಿರಲಿಕ್ಕಿಲ್ಲ. ದುಡ್ಡು ಎಷ್ಟು ಅಂದರೆ ಊರಿನವರಿಗೆ ಎಷ್ಟೋ ಅಷ್ಟೇ ಹೇಳಿದರು. ನನಗೆ ಅದು ತುಂಬಾ ಇಷ್ಟವಾಯಿತು.

ತಿಪಟೂರಿಗೆ ಬಂದ ದಿನ ಅಮ್ಮ ತಪ್ಪಲೆಯೊಳಗೆ ಮುಖ ನೋಡಿಕೊಂಡಳು. ಒಂದು ಮಾತೂ ಆಡದೆ ಹುಣಸೆಹಣ್ಣು ನೆನೆಹಾಕಿದಳು. ರಾತ್ರಿ ಟೊಮೆಟೊ ಸಾರು ಅದರಲ್ಲೇ ಕುದಿಯಿತು. ಊಟ ಮುಗಿಸಿ ಕೈ ತೊಳೆಯುವಾಗ ಕೇಳಿದಳು, “ಅಟ್ಟದ ಮೇಲೆ ದೊಡ್ಡದೊಂದಿದೆ, ಮುಂದಿನ ಸಲ ತಗೊಂಡು ಹೋಗ್ತೀಯಾ?”