ಶರ್ಲಿ ಟೆಂಪಲ್‌ಗೆ ಅಂದು ವಯಸ್ಸೆಷ್ಟು?

ಲಾಸ್ ಏಂಜಲೀಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ಒಂದು ದಿನ ರಜೆ ಹಾಕಿ ನನ್ನನ್ನು ಹಾಲಿವುಡ್ ಬುಲೆವಾರ್ಡಿನ ಚೈನೀಸ್ ಥಿಯೇಟರಿಗೆ ಕರೆದೊಯ್ದಳು. ಆ ಚಿತ್ರಮಂದಿರದ ಮುಂದಿನ ಅಂಗಳದ ತುಂಬ ನಟನಟಿಯರ ಅಂಗೈ ಮತ್ತು ಪಾದಗಳ ಅಚ್ಚು ಮೂಡಿರುವ ಸಿಮೆಂಟಿನ ಚಪ್ಪಡಿಗಳಿವೆ. ಹೆಚ್ಚಿನವರದು ಬೂಟು ಅಥವಾ ಹಿಮ್ಮಡಿ ಎತ್ತರದ ಚಪ್ಪಲಿಯ ಗುರುತು. 1930ರ ದಶಕದ ಹಾಲಿವುಡ್ ಬಾಲತಾರೆ ಶರ್ಲಿ ಟೆಂಪಲ್‌ಳದು ಬರಿಗಾಲು. ಐದು ಬೆರಳುಗಳೂ ಬಿಡಿಬಿಡಿಯಾಗಿ ಕಾಣುವ ಪುಟ್ಟ ಪಾದಗಳು, ಅವುಗಳ ಜೊತೆಗೆ ಮಗುವಿನ ಕೈಬರಹದಲ್ಲಿ ಎಲ್ಲರಿಗೂ ಪ್ರೀತಿ ಹೇಳುವ ಒಂದು ಸಾಲು. ಅಚ್ಚು ಒತ್ತಿಸಿದ್ದು 1935ರ ಮಾರ್ಚ್ 14ರಂದು. ಮುಂದಿನ ಹಲ್ಲು ಬಿದ್ದುಹೋಗಿದ್ದರಿಂದ ಛಾಯಾಗ್ರಾಹಕರ ಕಣ್ಣು ತನ್ನ ಬಾಯಿಯ ಕಡೆಗೆ ಹೋಗದಿರಲೆಂದು ಅವಳು ಬೂಟು ಬಿಚ್ಚಿ ನಿಂತಳಂತೆ.

"ಅಮ್ಮಾ, ಆಗ ಅವಳಿಗೆ ಎಷ್ಟು ವರ್ಷ?" ಎಂದು ಮಗಳು ಕೇಳಿದಳು. ಅದಕ್ಕೆ ಎರಡು ಉತ್ತರಗಳಿವೆ. ಶರ್ಲಿ ಹುಟ್ಟಿದ್ದು ಇದೇ ಊರಿನ ಪಕ್ಕದ ಸಾಂಟಾ ಮೋನಿಕಾದಲ್ಲಿ, 1928ರ ಏಪ್ರಿಲ್ 23ರಂದು. ಅಂದರೆ ಅಚ್ಚು ಒತ್ತಿದಾಗ ಏಳು ತುಂಬಲು ಇನ್ನು ತಿಂಗಳೂ ಕೆಲವು ದಿನಗಳೂ ಬಾಕಿ. ಆದರೆ ಸ್ಟುಡಿಯೋದವರು ಅವಳು ಇನ್ನಷ್ಟು ಎಳೆಯ ಅದ್ಭುತವಾಗಿ ಕಾಣಲೆಂದು ಹುಟ್ಟಿದ ವರ್ಷವನ್ನೇ ಒಂದು ವರ್ಷ ಮುಂದೂಡಿದ್ದರಿಂದ ಜಗತ್ತಿನ ಪಾಲಿಗೆ ಅವಳಿಗಿನ್ನೂ ಆರು ತುಂಬಿರಲಿಲ್ಲ. ಶರ್ಲಿಗೂ ಇದು ಗೊತ್ತಿರಲಿಲ್ಲ. ಹನ್ನೆರಡು ತುಂಬುತ್ತಿದೆಯೆಂದು ನಂಬಿದ್ದ ಹುಟ್ಟುಹಬ್ಬದ ಹೊತ್ತಿಗೆ, ತುಂಬುತ್ತಿರುವುದು ಹದಿಮೂರು ಎಂದು ಅವಳಿಗೆ ತಿಳಿಯಿತು.

ನನ್ನ ಉದ್ಯೋಗಜೀವನದ ಬಹುಭಾಗ ಬೆಂಗಳೂರಿನ ಬ್ಯಾಂಕುಗಳ ಠೇವಣಿ ವಿಭಾಗದಲ್ಲಿ ಕಳೆದದ್ದರಿಂದಲೋ ಏನೋ, ಈ ಸಂಗತಿ ನನ್ನನ್ನು ಅಲ್ಲಿಂದ ಕದಲಗೊಡಲಿಲ್ಲ. ಮೈನರ್ ಖಾತೆಯೆಂದರೆ ನಮಗೆ ಮೊದಲು ಕಾಣುವುದು ಮಗುವಿನ ಹೆಸರಲ್ಲ, ಹುಟ್ಟಿದ ತಾರೀಖು. ಆ ತಾರೀಖಿನಿಂದ ಹದಿನೆಂಟು ವರ್ಷ ತುಂಬಿದ ದಿನ ಪೋಷಕರ ಅಧಿಕಾರ ಮುಗಿಯುತ್ತದೆ, ಖಾತೆದಾರರೇ ಬಂದು ಮಾದರಿ ಸಹಿ ಹಾಕಬೇಕು. ಹೀಗೆ ಮೊದಲ ಬಾರಿಗೆ ಸಹಿ ಹಾಕಲು ಬಂದ ಹುಡುಗ ಹುಡುಗಿಯರು ಪೆನ್ನು ಹಿಡಿದು ಒಂದು ಕ್ಷಣ ಅಪ್ಪ ಅಮ್ಮನ ಮುಖ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಶರ್ಲಿಯ ವಿಷಯದಲ್ಲಿ ಆ ತಾರೀಖನ್ನೂ ಹಿರಿಯರು ತಿದ್ದಿದರು, ಖಾತೆಯನ್ನೂ ಬರಿದು ಮಾಡಿದರು.

ಅವಳನ್ನು 'ಮುದ್ದು ಗೊಂಬೆ' ಎಂದು ಕರೆದು ಮುಗಿಸುವವರು ಅವಳು ಮಾಡಿದ್ದು ದುಡಿಮೆ ಎಂಬುದನ್ನು ಮರೆಯುತ್ತಾರೆ. ಮೂರರ ಆಸುಪಾಸಿನಲ್ಲಿ ತಾಯಿ ಗರ್ಟ್ರೂಡ್ ಅವಳನ್ನು ನೃತ್ಯಶಾಲೆಗೆ ಸೇರಿಸಿದರು, ಅಲ್ಲಿಂದ ಕಿರುಚಿತ್ರಗಳಿಗೆ ಆಯ್ಕೆಯಾಯಿತು. ಆ ಕಿರುಚಿತ್ರಗಳ ಸೆಟ್ಟಿನಲ್ಲಿ ಹಟ ಮಾಡಿದ ಮಕ್ಕಳನ್ನು ಮಂಜುಗಡ್ಡೆಯ ದಿಮ್ಮಿ ಇಟ್ಟಿದ್ದ ಕತ್ತಲೆಯ ಪೆಟ್ಟಿಗೆಯೊಳಗೆ ಕೂರಿಸಿ ಬಾಗಿಲು ಹಾಕುತ್ತಿದ್ದರೆಂದು ಶರ್ಲಿಯೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಸಮಯ ವ್ಯರ್ಥವಾದರೆ ಹಣ ವ್ಯರ್ಥ ಎಂಬ ಪಾಠವನ್ನು ಆ ಪೆಟ್ಟಿಗೆ ತಮಗೆ ಕಲಿಸಿತೆಂದು ಅವರು ಹೇಳುವ ಶಾಂತ ದನಿ ನನ್ನನ್ನು ಇನ್ನಷ್ಟು ಕಲಕಿತು. ಮುಂದೆ ಫಾಕ್ಸ್ ಸ್ಟುಡಿಯೋ ವಾರಕ್ಕೆ 150 ಡಾಲರಿನ ಒಪ್ಪಂದ ಮಾಡಿಕೊಂಡಿತು, ಜನಪ್ರಿಯತೆ ಏರಿದಂತೆ ವೇತನವೂ ಹಲವು ಪಟ್ಟು ಏರಿತು. ತಾಯಿ ಪ್ರತಿ ರಾತ್ರಿ ಕೂದಲನ್ನು ಸುತ್ತಿ 56 ಗುಂಗುರುಗಳನ್ನು ಕೂರಿಸುತ್ತಿದ್ದರು. 1935ರಲ್ಲಿ ಅವಳಿಗೆ ಮಕ್ಕಳಿಗಾಗಿಯೇ ಮಾಡಿಸಿದ ಪುಟ್ಟ ಆಸ್ಕರ್ ಸಿಕ್ಕಿತು, ಅಂದಿನಿಂದ 1938ರವರೆಗೆ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ದೊಡ್ಡವರೂ ಸೇರಿದಂತೆ ಎಲ್ಲ ತಾರೆಯರಿಗಿಂತ ಮುಂದಿದ್ದವಳು ಅವಳೇ. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಕೂತ ಜನರಿಗೆ ನಗು ಕೊಟ್ಟವಳು ಅವಳು, ಆ ಕೀರ್ತಿ ಅವಳಿಗೆ ಸಲ್ಲಲೇಬೇಕು. 1935ರಲ್ಲೇ ಕಪ್ಪು ಜನಾಂಗದ ಮಹಾನರ್ತಕ ಬಿಲ್ ರಾಬಿನ್ಸನ್ ಅವರ ಕೈ ಹಿಡಿದು ಮೆಟ್ಟಿಲ ಮೇಲೆ ಅವಳು ಕುಣಿದ ದೃಶ್ಯವನ್ನು ಮಗಳು ಅಲ್ಲೇ ಮೊಬೈಲಿನಲ್ಲಿ ತೋರಿಸಿದಳು. ವರ್ಣಭೇದ ಕಾನೂನಾಗಿದ್ದ ರಾಜ್ಯಗಳಲ್ಲಿ ಆ ಕೈ ಹಿಡಿದದ್ದನ್ನು ಸಹಿಸದವರಿದ್ದರು. ಆ ಮಗು ಮಾತ್ರ ರಾಬಿನ್ಸನ್ ಅವರ ಹೆಜ್ಜೆಯನ್ನೇ ನೋಡುತ್ತ, ಒಂದೂ ತಪ್ಪದಂತೆ ಮೆಟ್ಟಿಲು ಹತ್ತುತ್ತದೆ.

22ರ ಆಸುಪಾಸಿನಲ್ಲಿ, ಒಂದು ಮದುವೆ ಮುರಿದು, ಮಗಳೊಬ್ಬಳನ್ನು ಸಾಕುವ ಹೊಣೆ ಹೊತ್ತಿದ್ದ ಶರ್ಲಿ ತಮ್ಮ ಹಣದ ಲೆಕ್ಕ ಕೇಳಿದರು. ಬಾಲ್ಯದಿಂದ ಗಳಿಸಿದ ಸುಮಾರು 32 ಲಕ್ಷ ಡಾಲರಿನಲ್ಲಿ ಅವರ ಟ್ರಸ್ಟಿನಲ್ಲಿ ಉಳಿದಿದ್ದದ್ದು ಸುಮಾರು 44 ಸಾವಿರ. ಲೆಕ್ಕ ನೋಡಿಕೊಂಡ ತಂದೆ ಜಾರ್ಜ್ ವೃತ್ತಿಯಿಂದ ಬ್ಯಾಂಕಿನವರು ಎಂಬುದು ನನಗೆ ನುಂಗಲಾಗದ ತುತ್ತು. ಅವರು ಕಳ್ಳರಾಗಿರಲಿಲ್ಲ, ಸಂಸಾರದ ಖರ್ಚು ಮತ್ತು ಕೈಕೊಟ್ಟ ಹೂಡಿಕೆಗಳಲ್ಲಿ ಹಣ ಕರಗಿತ್ತು. ಶರ್ಲಿ ತಂದೆಯನ್ನು ದೂರಲಿಲ್ಲ. ಶರ್ಲಿಯ ಆ ಹಿರಿತನವನ್ನು ನನ್ನ ಮಗಳು ಮೆಚ್ಚಿದಳು. ನಾನೂ ಮೆಚ್ಚುತ್ತೇನೆ, ಆದರೆ ಒಬ್ಬಳ ದೊಡ್ಡ ಮನಸ್ಸಿನ ಮೇಲೆ ನಿಂತ ವ್ಯವಸ್ಥೆಯನ್ನು ಒಪ್ಪಲಾರೆ. ಅವರಿಗಿಂತ ಮೊದಲೇ ಜಾಕಿ ಕೂಗನ್ ಎಂಬ ಬಾಲನಟ ಇಂಥದ್ದೇ ಸ್ಥಿತಿಯಲ್ಲಿ ಹೆತ್ತ ತಾಯಿಯ ಮೇಲೂ ಮಲತಂದೆಯ ಮೇಲೂ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾಯಿತು. ಅದರ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ಅವನ ಹೆಸರಿನಿಂದಲೇ ಪ್ರಸಿದ್ಧವಾದ ಕಾನೂನು ತಂದಿತು. ಈಗ ಅಲ್ಲಿ ಬಾಲಕಲಾವಿದರ ಗಳಿಕೆಯ ಕನಿಷ್ಠ ಶೇ. 15ರಷ್ಟನ್ನು ಯಾರೂ ಮುಟ್ಟದ ಖಾತೆಯಲ್ಲಿ ಇಡಲೇಬೇಕು.

ನಮ್ಮಲ್ಲಿ ಇದಕ್ಕೆ ನಿಯಮ ಬಂದದ್ದು 2017ರಲ್ಲಿ. ಜಿಲ್ಲಾಧಿಕಾರಿಯ ಅನುಮತಿ ಬೇಕು, ಮಗು ದಿನಕ್ಕೆ ಐದು ತಾಸಿಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ತಾಸಿಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಸಂಭಾವನೆಯ ಕನಿಷ್ಠ ಶೇ. 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಮುದ್ದತು ಠೇವಣಿಯಾಗಬೇಕು. ನಾನು ನಿವೃತ್ತಳಾಗುವ ಮುನ್ನ ಧಾರಾವಾಹಿಯೊಂದರಲ್ಲಿ ನಟಿಸುತ್ತಿದ್ದ ಹುಡುಗಿಯ ತಾಯಿ ಅಂಥ ಠೇವಣಿಯ ಬಗ್ಗೆ ಕೇಳಲು ನಮ್ಮ ಶಾಖೆಗೆ ಬಂದಿದ್ದರು. ಹುಡುಗಿ ಕುರ್ಚಿಯಲ್ಲೇ ನಿದ್ದೆಹೋಗಿದ್ದಳು, ಕಿವಿಯ ಹಿಂದೆ ಮೇಕಪ್ಪಿನ ಬಣ್ಣ ಹಾಗೇ ಉಳಿದಿತ್ತು. "ಮಿಕ್ಕಿದ್ದು ಮನೆ ಸಾಲದ ಕಂತಿಗೆ ಹೋಗುತ್ತೆ ಮೇಡಂ" ಎಂದು ಆಕೆ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. ಆಕೆ ಕೆಟ್ಟ ತಾಯಿಯಲ್ಲ. ಆದರೂ ಆ ಕಂತು ಕಟ್ಟುತ್ತಿದ್ದವಳು ನಿದ್ದೆಹೋಗಿದ್ದ ಆ ಹುಡುಗಿಯೇ.

ಶರ್ಲಿಯ ಬದುಕಿನ ಎರಡನೆಯ ಭಾಗವನ್ನು ನಾನು ಮೊದಲನೆಯದಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. 1950ರಲ್ಲಿ ಸಿನಿಮಾ ಬಿಟ್ಟರು. 1967ರಲ್ಲಿ ಅಮೆರಿಕದ ಸಂಸತ್ತಿಗೆ ಸ್ಪರ್ಧಿಸಿ ಸೋತರು. 1972ರಲ್ಲಿ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ, ಹೆಂಗಸರು ಆ ರೋಗದ ಹೆಸರನ್ನೂ ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಲದಲ್ಲಿ, ಅದನ್ನು ಬಹಿರಂಗವಾಗಿ ಹೇಳಿ ಇತರರೂ ಪರೀಕ್ಷೆ ಮಾಡಿಸಿಕೊಳ್ಳುವಂತೆ ಒತ್ತಾಯಿಸಿದರು. 1974ರಿಂದ ಎರಡು ವರ್ಷ ಘಾನಾದಲ್ಲಿ ರಾಯಭಾರಿಯಾಗಿದ್ದರು. ಇವೆಲ್ಲಕ್ಕಿಂತ ನನ್ನನ್ನು ಹಿಡಿದಿಟ್ಟದ್ದು ಅಂದಿನ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್ ನಗರದ ಕಥೆ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಆ ನಗರಕ್ಕೆ ನುಗ್ಗಿದಾಗ ಶರ್ಲಿ ಅಲ್ಲಿನ ಹೋಟೆಲೊಂದರಲ್ಲಿದ್ದರು, ನರರೋಗಿಗಳ ಪರವಾದ ಸಂಸ್ಥೆಯ ಕೆಲಸಕ್ಕೆ ಹೋದವರು ಇತರ ವಿದೇಶೀಯರೊಂದಿಗೆ ವಾಹನಗಳ ಸಾಲಿನಲ್ಲಿ ಗಡಿ ದಾಟಬೇಕಾಯಿತು. 21 ವರ್ಷಗಳ ನಂತರ ಅದೇ ನಗರಕ್ಕೆ ಅಮೆರಿಕದ ರಾಯಭಾರಿಯಾಗಿ ಮರಳಿದರು, 1989ರ ನವೆಂಬರಿನಲ್ಲಿ ಜನ ಬೀದಿಗಿಳಿದು ಅಲ್ಲಿನ ಕಮ್ಯುನಿಸ್ಟ್ ಆಡಳಿತವನ್ನು ಕೆಳಗಿಳಿಸಿದ್ದನ್ನು ಕಣ್ಣಾರೆ ಕಂಡರು.

ಸಾಂಟಾ ಮೋನಿಕಾದ ಕಡೆಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಇದನ್ನೆಲ್ಲ ಹೇಳಿದೆ. "ಆಗ ಅವರಿಗೆ ಎಷ್ಟು ವರ್ಷ?" ಎಂದು ಮಗಳು ಮತ್ತೆ ಕೇಳಿದಳು. 61 ಎಂದೆ. ಈ ಬಾರಿ ಅದಕ್ಕೆ ಇದ್ದದ್ದು ಒಂದೇ ಉತ್ತರ.