ಉಡುಪಿ ಸೀರೆ ಬೇಕಿದ್ರೆ ಕಿನ್ನಿಗೋಳಿಗೇ ಹೋಗಿ

ಮಂಗಳೂರಿಗೆ ಹೊರಟವರಿಗೆ ಮೊದಲೇ ಹೇಳಿಬಿಡ್ತೀನಿ, ಪೇಟೆ ಅಂಗಡಿಯಲ್ಲಿ ‘ಉಡುಪಿ ಕೈಮಗ್ಗ’ ಅಂತ ತೋರಿಸಿದ್ದನ್ನೆಲ್ಲ ನಂಬಬೇಡಿ. ನಮ್ಮ ಅತ್ತಿಗೆಗೆ ಹಾಗೆ ಹೇಳಿಯೇ ಎರಡು ಸಾವಿರಕ್ಕೆ ಒಂದು ಸೀರೆ ಕಟ್ಟಿಕೊಟ್ಟರು. ಮರುದಿನ ಮಂಗಳೂರು ಹತ್ತಿರದ ಕಿನ್ನಿಗೋಳಿಯಲ್ಲಿ ಮಗ್ಗದ ಮುಂದೆ ಕೂತಿದ್ದ ಅಮ್ಮ ಅದರ ಅಂಚನ್ನು ಹೆಬ್ಬೆರಳಲ್ಲಿ ಸವರಿ, "ಇದು ಪವರ್‌ಲೂಮ್‌ನದ್ದು ಮಾರಾಯ್ರೇ" ಅಂದರು. ವಾಪಸ್ ಕೊಡಲು ಹೋದರೆ ಅಂಗಡಿಯವನು ಬಿಲ್ ತೋರಿಸಿದ. ಅದರಲ್ಲಿ ಬರೀ ‘ಕಾಟನ್ ಸೀರೆ’ ಅಂತ ಇತ್ತು!

ದೇಶದ ಕೈಮಗ್ಗ, ಕರಕುಶಲಕ್ಕೆ ಮರುಜೀವ ಕೊಟ್ಟ ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು ಇದೇ ಮಂಗಳೂರಿನಲ್ಲಿ, 1903ರಲ್ಲಿ. ಹೆಂಗಸರು ಚುನಾವಣೆಗೆ ನಿಲ್ಲೋದೇ ಇಲ್ಲದ ಕಾಲದಲ್ಲಿ, 1926ರಲ್ಲಿ, ಮದರಾಸು ಶಾಸನಸಭೆಗೆ ನಿಂತು ಸ್ವಲ್ಪದರಲ್ಲಿ ಸೋತವರು. ಅವರ ಊರಲ್ಲೇ ಈ ವ್ಯಾಪಾರ ನೋಡಿ.

ಕಿನ್ನಿಗೋಳಿಗೆ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಿಂದ ಬಸ್ಸು ಸಿಗುತ್ತೆ. ಕಟೀಲು ಮೇಲೆ ಹೋಗುವ ಬಸ್ಸು ಹತ್ತಬೇಡಿ, ದೇವಸ್ಥಾನದ ಜನವೇ ತುಂಬಿರ್ತಾರೆ, ಒಂಟಿ ಕಾಲಲ್ಲಿ ನಿಂತು ಬರಬೇಕಾಗುತ್ತೆ. ಮೂಲ್ಕಿಗೆ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿಯೋದು ಎಷ್ಟೋ ವಾಸಿ.

ಅಲ್ಲಿರೋದು ಉಡುಪಿ ಸೀರೆ ನೇಯುವ ತಾಳಿಪಾಡಿ ನೇಕಾರರ ಸಂಘ. ಕೂಲಿ ಸಾಲದೆ ಜನ ಮಗ್ಗ ಬಿಟ್ಟು ಬೇರೆ ಕೆಲಸಕ್ಕೆ ಹೋಗಿ, ಕೊನೆಗೆ ವಯಸ್ಸಾದ ಕೆಲವರಷ್ಟೇ ಉಳಿದಿದ್ದರು. 2018ರ ಹೊತ್ತಿಗೆ ಕಾರ್ಕಳದ ಕದಿಕೆ ಟ್ರಸ್ಟ್ ಕೈಜೋಡಿಸಿತು. ಈಗ ಹೊಸ ಹೆಂಗಸರೂ ನೇಯ್ಗೆ ಕಲಿತಿದ್ದಾರೆ, ಅಡಿಕೆಯ ಚೊಗರಿನಿಂದ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಬಣ್ಣ ಹಾಕಿದ ಸೀರೆಗಳೂ ಬರ್ತಿವೆ. ಸೀರೆ ಜೊತೆ ನೇಯ್ದವರ ಹೆಸರು, ಫೋಟೊ ಇರುತ್ತೆ. ನಾನು ನೋಡ್ತಿದ್ದಂತೆ ಒಂದು ಎಳೆ ತುಂಡಾಯ್ತು. ಆ ಅಮ್ಮ ಲಾಳಿ ಪಕ್ಕಕ್ಕಿಟ್ಟು, ಕನ್ನಡಕ ಮೇಲಕ್ಕೆ ಸರಿಸಿ, ಎರಡು ತುದಿಯನ್ನೂ ಬೆರಳಲ್ಲೇ ಹೊಸೆದು ಸೇರಿಸಿದರು, ಅಷ್ಟರಲ್ಲಿ ನನ್ನ ಹತ್ರ ಮೂರು ಸಲ "ಊಟ ಆಯ್ತಾ" ಅಂತ ಕೇಳಿದ್ದರು. ಭಾನುವಾರ ಹೋಗಬೇಡಿ, ಮಗ್ಗದ ಸದ್ದು ಕೇಳದೆ ಬರೀ ಸೀರೆ ನೋಡೋದ್ರಲ್ಲಿ ಅರ್ಥ ಇಲ್ಲ.

ತಿಂಡಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಹೋಟೆಲು ಸಿಕ್ಕಿತು, ಬೋರ್ಡು ಕೂಡ ಇಲ್ಲ. ಸಜ್ಜಿಗೆ ಬಜಿಲ್ ಕೇಳಿ. ಬಿಸಿ ಉಪ್ಪಿಟ್ಟಿನ ಮೇಲೆ ತೆಂಗಿನಕಾಯಿ ಹಾಕಿ ಕಲಸಿದ ಖಾರದ ಅವಲಕ್ಕಿ ಸುರಿದು ಕೊಡ್ತಾರೆ, ಒಟ್ಟಿಗೆ ಕಲಸಿಯೇ ತಿನ್ನಬೇಕು. ಆಮೇಲೆ ಬನ್ಸ್. ಹೊರಗೆ ಗರಿ, ಒಳಗೆ ಮೆತ್ತಗೆ, ಬಾಳೆಹಣ್ಣಿನ ಸಿಹಿ ಹದವಾಗಿತ್ತು. ಚಹಾ ಸೇರಿ ಇಬ್ಬರಿಗೂ ನೂರು ರೂಪಾಯಿ ದಾಟಲಿಲ್ಲ. ಮಂಗಳೂರಿನ ನಮ್ಮ ಲಾಡ್ಜಿನಲ್ಲಿ ಎರಡು ಇಡ್ಲಿಗೇ ಅಷ್ಟು ತಗೊಂಡಿದ್ದರು.

ಉಳ್ಳಾಲಕ್ಕೆ ಅಬ್ಬಕ್ಕನ ಹೆಸರು ಕೇಳಿ ಹೋಗುವವರಿಗೆ ಅಲ್ಲಿ ನೋಡೋಕೆ ಸಿಗೋದು ಪ್ರತಿಮೆ, ಸಂಜೆಯಾದರೆ ಬೀಚಿನ ಜನಜಂಗುಳಿ. ಪೋರ್ಚುಗೀಸರಿಗೆ ಕಪ್ಪ ಕೊಡಲ್ಲ ಅಂದ ರಾಣಿಯ ಬಗ್ಗೆ ನಿಜವಾಗಿ ತಿಳಿಯಬೇಕಿದ್ರೆ ಬಂಟ್ವಾಳದ ಬಿ.ಸಿ. ರೋಡಿಗೆ ಹೋಗಿ. ಅಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಇದೆ, ಜೊತೆಗೆ ತುಳು ಬದುಕು ಮ್ಯೂಸಿಯಂ. ಹಳೇ ಅಡುಗೆಮನೆ ಸಾಮಾನು ನೋಡ್ತಾ ಅತ್ತಿಗೆ ಅಲ್ಲೇ ಅರ್ಧ ದಿನ ಕಳೆದರು. ಖಾಸಗಿಯಾಗಿ ನಡೆಸುವ ಜಾಗ, ಹಾಗಾಗಿ ಫೋನ್ ಮಾಡಿಯೇ ಹೋಗಿ.