ಹಳೇ ಫೋಟೋದಲ್ಲಿರುವವರು ಅಷ್ಟೊಂದು ಶ್ರೀಮಂತರಾ?

ಹತ್ತೊಂಬತ್ತನೇ ಶತಮಾನದ ಯುರೋಪಿನದೋ ಅಮೆರಿಕದ್ದೋ ಒಂದು ಕುಟುಂಬದ ಫೋಟೋ ತೋರಿಸಿದರೆ ಸಾಕು, ಎಲ್ಲರೂ ಕೇಳುವುದು ಇದನ್ನೇ: 'ಭಾರೀ ಅನುಕೂಲಸ್ಥರು, ಅಲ್ವಾ?' ಹಿಂದೆ ಕಂಬ, ಇಳಿಬಿಟ್ಟ ಪರದೆ, ಕೆತ್ತನೆಯ ಕುರ್ಚಿ, ಅಪ್ಪನ ಕೋಟಿನಲ್ಲಿ ಗಡಿಯಾರದ ಸರಪಳಿ. ಹಾಗನ್ನಿಸದೆ ಇನ್ನೇನು?

ಮೊದಲು ಕಂಬ, ಪರದೆ, ಕುರ್ಚಿ ಮೂರನ್ನೂ ಲೆಕ್ಕದಿಂದ ಬಿಡಿ. ಅವು ಸ್ಟುಡಿಯೋದ ಸಾಮಾನು. ಒಂದೇ ಸ್ಟುಡಿಯೋದ ಹತ್ತು ಫೋಟೋ ಜೋಡಿಸಿ ನೋಡಿದರೆ ಬೇರೆ ಬೇರೆ ಮನೆಯವರು ಅದೇ ಕುರ್ಚಿಯಲ್ಲಿ ಕೂತಿರುವುದು ಕಾಣುತ್ತದೆ. ಕಂಬಗಳಂತೂ ಎಷ್ಟೋ ಸಲ ಕಲ್ಲಿನವೇ ಅಲ್ಲ. ಕಾರ್ಪೆಟ್ ಮೇಲೆ ಕಲ್ಲಿನ ಕಂಬ ಯಾರು ನಿಲ್ಲಿಸುತ್ತಾರೆ? ಆ ಕಾಲದವರೇ ಇದನ್ನು ಆಡಿಕೊಂಡು ನಕ್ಕಿದ್ದಾರೆ.

ಫೋಟೋ ಯಾವುದರ ಮೇಲಿದೆ ಎನ್ನುವುದು ಇದಕ್ಕಿಂತ ಜಾಸ್ತಿ ಹೇಳುತ್ತದೆ. 1839ರಲ್ಲಿ ಪ್ಯಾರಿಸ್‌ನಲ್ಲಿ ಹೊರಬಂದ ಡಾಗೆರೋಟೈಪ್ ಎಂಬ ಬಗೆಯ ಫೋಟೋ ಇರುತ್ತಿದ್ದದ್ದು ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ. ಇದ್ದದ್ದು ಒಂದೇ ಪ್ರತಿ. ಅದನ್ನು ಚರ್ಮ ಹೊದಿಸಿದ, ಒಳಗೆ ಮಖಮಲ್ಲು ಹಾಕಿದ ಪುಟ್ಟ ಪೆಟ್ಟಿಗೆಯಲ್ಲಿ ಒಡವೆಯ ಹಾಗೆ ಇಡುತ್ತಿದ್ದರು. 1854ರಲ್ಲಿ ಡಿಸ್ಡೆರಿ ಎಂಬ ಫ್ರೆಂಚ್ ಫೋಟೋಗ್ರಾಫರ್ ಒಂದೇ ಗಾಜಿನ ಫಲಕದಲ್ಲಿ ಹಲವು ಸಣ್ಣ ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ವಿಸಿಟಿಂಗ್ ಕಾರ್ಡ್ ಗಾತ್ರದ ಈ ಫೋಟೋಗಳು ಬಂದಮೇಲೆ ಬೆಲೆ ಇಳಿಯಿತು. 1856ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಟಿನ್‌ಟೈಪ್, ಅಂದರೆ ತೆಳು ತಗಡಿನ ಮೇಲಿನ ಫೋಟೋ, ಇನ್ನೂ ಅಗ್ಗ. ಹೆಸರಿಗೆ ಟಿನ್, ತಗಡು ಮಾತ್ರ ಕಬ್ಬಿಣದ್ದು. ಅಲ್ಲಿಂದ ಮುಂದೆ ಫೋಟೋ ತೆಗೆಸಿಕೊಂಡವರೆಲ್ಲ ಸಾಹುಕಾರರು ಅನ್ನುವ ಹಾಗಿಲ್ಲ.

ಅಮೆರಿಕದ ಫೋಟೋ ಆದರೆ ಹಿಂಬದಿಯನ್ನೂ ನೋಡಿ. 1864ರಿಂದ 1866ರವರೆಗೆ ಅಲ್ಲಿ ಫೋಟೋಗೆ ತೆರಿಗೆ ಇತ್ತು, ಅದಕ್ಕೆ ಸ್ಟಾಂಪು ಅಂಟಿಸಬೇಕಿತ್ತು. 2 ಸೆಂಟಿನ ಸ್ಟಾಂಪು ಇದ್ದರೆ ಫೋಟೋದ ಬೆಲೆ 25 ಸೆಂಟ್ ದಾಟಿರಲಿಲ್ಲ ಎಂದರ್ಥ. ಮುಂದೆ ಅರಮನೆ, ಹಿಂದೆ 2 ಸೆಂಟ್. ನನಗೆ ಇದು ಬಹಳ ಇಷ್ಟ.

ಹಾಗಾದರೆ ಅವರದೇ ಅಂತ ಏನಿದೆ? ನಾನು ಕೈ ನೋಡುತ್ತೇನೆ, ಆಮೇಲೆ ಬೂಟು. ಕೋಟಿನ ತೋಳು ಬೆರಳು ಮುಚ್ಚಿದ್ದರೆ ಅದು ಅಣ್ಣನದೋ ಎರವಲು ತಂದದ್ದೋ ಇರಬಹುದು. ಮಗುವಿನ ಫ್ರಾಕಿನ ಅಂಚಿನಲ್ಲಿ ಸಾಲುಸಾಲು ಮಡಿಕೆ ಹೊಲಿದಿದ್ದರೆ ಅದು ಬರೀ ಅಲಂಕಾರ ಆಗಿರಲಿಕ್ಕಿಲ್ಲ. ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡುವುದಕ್ಕೂ ಹಾಗೆ ಹೊಲಿಯುತ್ತಿದ್ದರು. ಮಿನುಗುವ ಚಿನ್ನವನ್ನು ಮಾತ್ರ ಸುಮ್ನೆ ನಂಬಬೇಡಿ. ಆಗಿನ ಫೋಟೋದಲ್ಲಿ ಬಣ್ಣ ಬರುತ್ತಿರಲಿಲ್ಲ, ಅದು ಸ್ಟುಡಿಯೋದವರು ಕುಂಚದಲ್ಲಿ ಇಟ್ಟ ಚುಕ್ಕೆ. ಆ ಚುಕ್ಕೆಯಡಿ ಉಂಗುರ ನಿಜವಾಗಿ ಇದ್ದರೂ ಯಾವ ಲೋಹದ್ದೋ! ಕಪ್ಪು ಬಟ್ಟೆ ಕಂಡ ಕೂಡಲೇ ಸೂತಕ ಅನ್ನಲೂ ಬೇಡಿ. ಆ ಕಾಲದ ರಾಸಾಯನಿಕಕ್ಕೆ ಕೆಂಪು, ಹಳದಿ ಎರಡೂ ಕಪ್ಪಾಗಿ, ನೀಲಿ ಬೆಳ್ಳಗೆ ಕಾಣುತ್ತಿತ್ತು.

ನನ್ನ ಬಳಿ ಒಂದು ಟಿನ್‌ಟೈಪ್ ಇದೆ. ಅಪ್ಪ ಗತ್ತಿನಿಂದ ನಿಂತಿದ್ದಾನೆ. ಬೂಟಿನ ಹಿಂದೆ ಕಬ್ಬಿಣದ ಎರಡು ಕಾಲು ಇಣುಕುತ್ತವೆ. ಅದೂ ಅವರ ಮನೆಯ ಸಾಮಾನಾ ಎಂದು ಒಬ್ಬರು ಕೇಳಿದರು. ಅಲ್ಲ, ಅದು ಫೋಟೋ ಮುಗಿಯುವವರೆಗೆ ತಲೆ ಅಲ್ಲಾಡದಂತೆ ಕತ್ತಿಗೆ ಆನಿಸಿದ್ದ ಸ್ಟ್ಯಾಂಡು.